ಕೌದಿಯೊಳಗಿನ ರಗ್ಗು

ಧಾರವಾಡದ ಸಪ್ತಾಪುರದ ದಾಕ್ಷಾಯಿಣಿ ಆ ರಗ್ಗನ್ನು ಇಪ್ಪತ್ತು ವರ್ಷ ಟ್ರಂಕಿನಲ್ಲಿ ಇಟ್ಟಿದ್ದಳು. ಬೇವಿನ ಎಲೆ ಬದಲಿಸುವುದಕ್ಕೆಂದು ವರ್ಷಕ್ಕೆರಡು ಸಲ ಹೊರತೆಗೆದು ಬಿಸಿಲಿಗೆ ಹಾಕುವಳು, ಸಂಜೆಯೊಳಗೆ ಮಡಿಚಿ ಮತ್ತೆ ಒಳಗಿಡುವಳು. ಮನೆಯ ಹಿಂದಿನ ಖೋಲಿಗಳಲ್ಲಿ ಬಾಡಿಗೆಗಿದ್ದ ಯುನಿವರ್ಸಿಟಿ ಹುಡುಗಿಯರು ಚಳಿಗಾಲದಲ್ಲಿ "ಆಂಟಿ, ಒಂದ ಹೊದಿಕಿ ಇದ್ರ ಕೊಡ್ರಿ" ಎಂದು ಕೇಳಿದರೆ ತಾನು ಹೊದೆಯುವುದನ್ನೇ ತೆಗೆದು ಕೊಟ್ಟು, ಎರಡು ಹಳೆಯ ಸೀರೆ ಜೋಡಿಸಿ ಹೊದ್ದು ಮಲಗಿದ್ದುಂಟು. ಟ್ರಂಕಿನ ಕಡೆ ಮಾತ್ರ ಕೈ ಹೋಗುತ್ತಿರಲಿಲ್ಲ.

ಡಿಸೆಂಬರಿನ ಮೊದಲ ವಾರ ತಮ್ಮ ಶಂಭುಲಿಂಗನ ಫೋನು ಬಂತು.

"ಅಕ್ಕಾ, ನೀಲಾ ಹಡದಳು. ಹೆಣ್ಣಕೂಸು. ಇಬ್ರೂ ಆರಾಮ ಅದಾರ."

"ಕೂಸು ಎಷ್ಟ ತೂಕ ಐತಿ?" ಎಂದಷ್ಟೇ ಕೇಳಿದಳು ದಾಕ್ಷಾಯಿಣಿ.

"ಪೌಣೆ ಮೂರು ಕಿಲೋ. ಸಂಕ್ರಮಣ ಆದಮ್ಯಾಲೆ ತೊಟ್ಟಲಾಗ ಹಾಕೂದು, ಹೆಸರಿಡೂದು. ಶಿವಲೀಲಾಗ ಬೆನ್ನಬ್ಯಾನಿ ನೋಡು, ಬಾಣಂತನಾ ನವನಗರದಾಗ ನೀಲಾನ ಮನ್ಯಾಗ ನಡದೈತಿ. ಕೂಸಿಗೆ ಎರಿಯಾಕ ಒಬ್ಬಾಕಿನ್ನ ಗೊತ್ತ ಮಾಡೇವಿ. ನೀ ತಪ್ಪಸಬ್ಯಾಡ ಮತ್ತ."

"ಬರ್ತೇನಿ" ಎಂದು ಫೋನು ಇಟ್ಟ ಮೇಲೆ ಅವಳು ಎಷ್ಟೋ ಹೊತ್ತು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಇದ್ದಳು. ಒಲೆಯ ಮೇಲಿನ ಹಾಲು ಉಕ್ಕಿ ಹೋಗಿದ್ದು ಆಮೇಲೆ ಗಮನಕ್ಕೆ ಬಂತು.

ನೀಲಾಂಬಿಕೆ ಶಂಭುಲಿಂಗನ ಮೊದಲ ಹೆಂಡತಿಯ ಮಗಳು. ಹಡೆದ ಹದಿನೆಂಟನೆಯ ದಿನಕ್ಕೆ ತಾಯಿ ತೀರಿಕೊಂಡಳು. ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರ ಮಾಡಿಕೊಂಡಿದ್ದ ಶಂಭುಲಿಂಗ ಕೂಸನ್ನು ಎದೆಗವಚಿಕೊಂಡು ನೆಟ್ಟಗೆ ಅಕ್ಕನ ಮನೆಗೆ ಬಂದ. ದಾಕ್ಷಾಯಿಣಿಗೆ ಆಗ ಮೂವತ್ಮೂರು. ಮದುವೆಯಾದ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಕಾಲೇಜೊಂದರ ಆಫೀಸಿನಲ್ಲಿ ಟೈಪಿಸ್ಟಳಾಗಿ, ತಾಯಿಯ ಜೊತೆ ಇದ್ದವಳು. ಸೋದರತ್ತೆ ಎಂದು ಕೂಸಿನ ಕಿವಿಯಲ್ಲಿ ಹೆಸರು ಉಸುರಿದವಳೂ ಅವಳೇ. ಆ ವರ್ಷದ ಚಳಿಗೆಂದು ಲೈನ್ ಬಜಾರಿನಲ್ಲಿ ಒಂದು ಉಣ್ಣೆಯ ರಗ್ಗು ತಂದಳು. ಕಂದು ಬಣ್ಣ, ಅಂಚಿಗೆ ನೀಲಿ ಪಟ್ಟಿ. ಎಂಟು ವರ್ಷ ಇಬ್ಬರೂ ಅದೊಂದರಲ್ಲೇ ಮಲಗಿದರು. ನಿದ್ದೆ ಹತ್ತುವ ತನಕ ನೀಲಾ ಅದರ ಅಂಚನ್ನು ಎರಡು ಬೆರಳ ನಡುವೆ ತಿಕ್ಕುತ್ತ ಇರುವಳು. ತಿಕ್ಕಿ ತಿಕ್ಕಿ ಒಂದು ಮೂಲೆಯ ಪಟ್ಟಿ ಬರೀ ನೂಲಾಗಿತ್ತು. ಕೂಸಿಗೆ ಮಾತು ಬಂದಾಗ ಅಜ್ಜಿ "ಅತ್ತಿ ಅನ್ನು, ಅತ್ತಿ ಅನ್ನು" ಎಂದು ಎಷ್ಟು ಕಲಿಸಿದರೂ ಅದು ಅಂದದ್ದು "ದಾಕವ್ವ" ಎಂದೇ.

ಆಮೇಲೆ ಶಂಭುಲಿಂಗ ಮತ್ತೊಂದು ಮದುವೆ ಮಾಡಿಕೊಂಡ. ಶಿವಲೀಲಾ ಕೆಟ್ಟವಳಲ್ಲ. "ಮಗಳು ನಮ್ಮ ಮನ್ಯಾಗ ಬೆಳೀಬೇಕ್ರಿ ಅಕ್ಕಾರ. ಇಲ್ಲಂದ್ರ ಜನಾ ನನಗ ಏನಂದಾರು?" ಎಂದು ಕೇಳಿದಳು. ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನೀಲಾ ಹುಬ್ಬಳ್ಳಿಗೆ ಹೋದಳು, ರಗ್ಗೂ ಜೊತೆಗೆ ಹೋಯಿತು. ಹದಿನೈದು ದಿನಕ್ಕೆ ಶಂಭುಲಿಂಗ ರಗ್ಗನ್ನಷ್ಟೇ ಚೀಲದಲ್ಲಿ ಹಾಕಿಕೊಂಡು ತಿರುಗಿ ಬಂದ.

"ಇದನ್ನ ಬಿಟ್ಟು ಮಲಗೂದ ಇಲ್ಲಂತಾಳ ಅಕ್ಕಾ. ಹಿಡಕೊಂಡು ಅಳತಾಳ. ಇದು ಕಣ್ಣಿಗೆ ಬೀಳದಿದ್ರ ಛಲೋ ಅಂತ ಶಿವಲೀಲಾ ಅಂದ್ಲು. ನೀನೂ ಸ್ವಲ್ಪ ದಿವಸ ಬರಬ್ಯಾಡ. ಹುಡುಗಿ ಹೊಂದಿಕೊಳ್ಳಲಿ."

ದಾಕ್ಷಾಯಿಣಿ ಒಪ್ಪಿಕೊಂಡಳು. ಸ್ವಲ್ಪ ದಿವಸ ಎಂದದ್ದು ನಾಲ್ಕು ತಿಂಗಳಾಯಿತು. ಪಂಚಮಿಗೆ ಉಂಡಿ ಕಟ್ಟಿಕೊಂಡು ಹೋದಾಗ ನೀಲಾ ಶಿವಲೀಲಾಳ ಸೆರಗಿನ ಹಿಂದೆ ನಿಂತು, "ಬರ್ರಿ ಅತ್ತಿ" ಎಂದಳು. ಎಂಟು ವರ್ಷದ ಹುಡುಗಿಯ ಬಾಯಲ್ಲಿ ಆ "ರಿ" ಕೇಳಿ ದಾಕ್ಷಾಯಿಣಿಗೆ ಹೊಸಿಲು ದಾಟುವುದೇ ಕಷ್ಟವಾಯಿತು. ಅಲ್ಲಿಂದ ಮುಂದೆ ಮದುವೆ ಮುಂಜಿಗಳಲ್ಲಿ ಭೇಟಿ, "ಆರಾಮ ಇದೀರಿ ಅತ್ತಿ?" "ಆರಾಮವ್ವಾ" ಅಷ್ಟೇ. ನೀಲಾ ಬ್ಯಾಂಕಿನ ಕೆಲಸಕ್ಕೆ ಸೇರಿದಳು, ವಕೀಲನೊಬ್ಬನನ್ನು ಮದುವೆಯಾದಳು, ಮೂರು ವರ್ಷದಿಂದ ಹುಬ್ಬಳ್ಳಿ ದಾರಿಯ ನವನಗರದಲ್ಲೇ ಮನೆ. ಧಾರವಾಡದಿಂದ ಚಿಗರಿ ಬಸ್ಸು ಹತ್ತಿದರೆ ಅರ್ಧ ತಾಸಿನ ದಾರಿಯೂ ಅಲ್ಲ. ಹುಬ್ಬಳ್ಳಿಗೆ ಹೋಗುವಾಗಲೆಲ್ಲ ದಾಕ್ಷಾಯಿಣಿ ಆ ಕಡೆಯ ಕಿಟಕಿಗೇ ಕೂಡುವಳು. ಇಳಿದವಳಲ್ಲ. ಯಾಕೆ ಬಂದಿರಿ ಎಂದು ನೀಲಾಳೇನೂ ಕೇಳಲಾರಳು, ನಿಜ; ಆದರೂ ಏನೆಂದು ಹೇಳುವುದು?

ಕೂಸು ಹುಟ್ಟಿದ ಸುದ್ದಿ ಬಂದ ಮರುದಿನ ಅವಳು ಟ್ರಂಕು ತೆರೆದು ರಗ್ಗನ್ನು ಅಂಗಳದ ಹಗ್ಗಕ್ಕೆ ಹಾಕಿದಳು. ಬಿಸಿಲಿಗೆ ಹಿಡಿದಾಗ ಎಷ್ಟೋ ಕಡೆ ಬೆಳಕು ತೂರಿ ಬಂತು. ಬೇವಿನ ಎಲೆಗೂ ಜಗ್ಗದೆ ಹುಳ ತಿಂದಿತ್ತು, ನಡುವೆ ಸವೆದಿತ್ತು. ಹೊದಿಸುವುದಕ್ಕೆ ಬರುವಂತಿರಲಿಲ್ಲ. ಆದರೆ ಕೌದಿಯ ಹೊಟ್ಟೆಯೊಳಗೆ ಹಾಕಲು ಬರುತ್ತದೆ ಎಂದು ಅವಳಿಗೆ ಹೊಳೆಯಿತು.

ಕೌದಿ ಎಂದರೆ ರಾಜಬಿ. ಮೊದಲೆಲ್ಲ ಪ್ರತಿ ಬೇಸಿಗೆಯಲ್ಲಿ ಸಪ್ತಾಪುರದ ಓಣಿಗಳಿಗೆ ಬಂದು, ಅಂಗಳದಲ್ಲಿ ಹಳೆಯ ಸೀರೆ ಹಾಸಿಕೊಂಡು ಕೂತು, ಮೂರು ನಾಲ್ಕು ದಿನಕ್ಕೊಂದು ಕೌದಿ ಹೊಲಿದು ಕೊಡುತ್ತಿದ್ದವಳು. ಈಗ ಮೊಳಕಾಲು ಹಿಡಿದು ಹಳೇ ಹುಬ್ಬಳ್ಳಿಯ ತನ್ನ ಮನೆ ಬಿಟ್ಟು ಏಳುವುದಿಲ್ಲ. ದಾಕ್ಷಾಯಿಣಿ ಎರಡು ಮೆತ್ತನೆಯ ವಾಯಿಲ್ ಸೀರೆ, ಮೇಲೆ ಆ ರಗ್ಗು, ಇಷ್ಟನ್ನು ಚೀಲದಲ್ಲಿ ತುಂಬಿಕೊಂಡು ಅವಳ ಮನೆಗೆ ಹೋದಳು.

ರಾಜಬಿ ರಗ್ಗನ್ನು ತೊಡೆಯ ಮೇಲೆ ಹರಡಿಕೊಂಡು ಬೆರಳಿನಿಂದ ತಡವಿ ನೋಡಿದಳು.

"ಅಕ್ಕಾರ, ಇದು ಉಣ್ಣೀದ್ರಿ. ಹಿಂಗ ಒಳಗ ಹಾಕಿದ್ರ, ಒಮ್ಮೆ ನೀರಿಗೆ ಬಿದ್ದ ಕೂಡ್ಲೇ ಇದು ಕುಗ್ಗತೈತಿ, ಮ್ಯಾಲಿನ ಅರಿವಿ ಕುಗ್ಗಂಗಿಲ್ಲ. ಕೌದಿ ಎಲ್ಲಾ ಗಂಟ ಗಂಟ ಆಗತೈತಿ. ಈಗ ಬಜಾರದಾಗ ಬೆಳ್ಳಗ ಫೋಮ್ ಸಿಗತೈತ್ರಿ, ಹಗೂರ. ಅದನ್ನ ತರಸ್ತೇನಿ."

"ಫೋಮ್ ಬ್ಯಾಡ ರಾಜಬಿ."

"ಖರೇ ಹೇಳ್ಬೇಕಂದ್ರ ಇದರಾಗ ಏನೂ ಉಳದಿಲ್ರಿ."

"ಉಳದದ್ದಷ್ಟ ಹಾಕು."

ರಾಜಬಿ ಕನ್ನಡಕ ಸರಿಮಾಡಿಕೊಂಡು ಅವಳ ಮುಖ ನೋಡಿದಳು. ಆಗ ದಾಕ್ಷಾಯಿಣಿ ರಗ್ಗಿನ ಕತೆಯೆಲ್ಲ ಹೇಳಿದಳು. ಯಾರೆದುರೂ ಹೇಳದೇ ಇದ್ದದ್ದನ್ನೂ ಹೇಳಿದಳು: ನೀಲಾಳನ್ನು ಕಳಿಸುವ ದಿನ, ಹುಡುಗಿ ಹಟ ಮಾಡೀತೆಂದು ಹೆದರಿ, "ಬ್ಯಾಸಗಿ ಸೂಟಿಗೆ ಹೊಂಟಿ, ಸೂಟಿ ಮುಗಿದ ಮ್ಯಾಲೆ ಕರ್ಕೊಂಡ ಬರ್ತೇನಿ" ಎಂದು ಸುಳ್ಳು ಹೇಳಿ ಕಳಿಸಿದ್ದನ್ನು.

ರಾಜಬಿ ರಗ್ಗನ್ನು ಮಡಿಚಿ ಅವಳ ಕೈಗೇ ತಿರುಗಿ ಕೊಟ್ಟಳು. "ಮೊದ್ಲ ಇದನ್ನ ಕುದಿಯೋ ನೀರಾಗ ಹಾಕಿ ಮೂರ ಸಲಾ ಹಿಂಡ್ರಿ. ಎಷ್ಟ ಕುಗ್ಗಬೇಕೋ ಈಗ ಕುಗ್ಗಿಬಿಡ್ಲಿ. ಆಮ್ಯಾಲೆ ಕೌದಿಗೆ ಏನೂ ಆಗಂಗಿಲ್ಲ. ಆದ್ರ ಹೊಲಿಯೋದು ನೀವ. ನನ್ನ ಕಣ್ಣು ಸೂಜಿಗೆ ಸಾಲಂಗಿಲ್ಲ. ನಾ ಬಾಜೂಕ ಕುಂತು ತೋರಸ್ತೇನಿ."

ದಾಕ್ಷಾಯಿಣಿ ಬಚ್ಚಲಿನಲ್ಲಿ ನೀರು ಕಾಯಿಸಿ ರಗ್ಗನ್ನು ಮುಳುಗಿಸಿದಳು. ನೀರು ಚಹಾದ ಬಣ್ಣಕ್ಕೆ ತಿರುಗಿತು. ಮೂರನೆಯ ಸಲಕ್ಕೆ ತಿಳಿಯಾಯಿತು. ಎರಡು ದಿನ ಒಣಗಿಸಿ ಕೈಗೆತ್ತಿಕೊಂಡಾಗ ಅದು ಮೂರರಲ್ಲೊಂದು ಪಾಲು ಕುಗ್ಗಿ, ದಪ್ಪಗೆ ಒತ್ತಾಗಿ, ಬೇರೆಯದೇ ವಸ್ತುವಿನಂತೆ ಕಂಡಿತು. ರೂಢಿಯಂತೆ ಮುಖಕ್ಕೆ ಒತ್ತಿ ಹಿಡಿದಳು. ಸಾಬೂನಿನ ವಾಸನೆ. ಅದರ ಹಿಂದೆ ಏನೂ ಇಲ್ಲ. ಇಷ್ಟು ವರ್ಷ ಬಿಸಿಲಿಗೆ ಹಾಕಿದಾಗೊಮ್ಮೆ, ಒಳಗಿಡುವಾಗೊಮ್ಮೆ ಮೂಸಿ ನೋಡುತ್ತಿದ್ದ ಆ ವಾಸನೆಯನ್ನು ತನ್ನ ಕೈಯಾರೆ ಕುದಿಸಿ ಬಚ್ಚಲಿಗೆ ಬಿಟ್ಟೆನಲ್ಲ ಎಂದು ಆ ದಿನವೆಲ್ಲ ಅವಳಿಗೆ ಊಟ ಸೇರಲಿಲ್ಲ.

ಆದರೂ ಮರುದಿನ ಮುಂಜಾನೆ ಬಸ್ಸು ಹತ್ತಿದಳು. ಹಾಗೆ ಒಟ್ಟು ಹನ್ನೊಂದು ದಿನ ಹೋಗಿ ಬಂದಳು. ಹುಳ ತಿಂದ ಜಾಗ ಕತ್ತರಿಸಿ ತೆಗೆದು, ಗಟ್ಟಿಯಿದ್ದ ತುಂಡುಗಳನ್ನು ಒಂದಕ್ಕೊಂದು ಹತ್ತಿಸಿ, ಕೆಳಗೊಂದು ಅರಿಷಿಣ ಬಣ್ಣದ ಸೀರೆ, ಮೇಲೊಂದು ಹಸಿರು ಸೀರೆ ಹಾಸಿದರು. ಮೂಲೆಗೊಂದರಂತೆ ಕಲ್ಲು ಹೇರಿ ಸುಕ್ಕಿಲ್ಲದಂತೆ ಎಳೆದು, ಮೊದಲು ಉದ್ದುದ್ದ ಕಚ್ಚಾ ಹೊಲಿಗೆ. ಆಮೇಲೆ ಅಂಚಿನಿಂದ ಒಳಗೆ, ಸುತ್ತಿನ ಒಳಗೆ ಸುತ್ತು. ಕುಗ್ಗಿ ಒತ್ತಾದ ಉಣ್ಣೆಯಲ್ಲಿ ಸೂಜಿ ಇಳಿಯುತ್ತಲೇ ಇರಲಿಲ್ಲ. ಬೆರಳಿಗೆ ಹಾಕಿಕೊಂಡ ಹಿತ್ತಾಳೆಯ ಟೋಪಿ ಜಾರಿ ಜಾರಿ ಬೀಳುವುದು. ಎರಡನೆಯ ದಿನ ಸೂಜಿ ಮುರಿಯಿತು. ನಾಲ್ಕನೆಯ ದಿನ ಬೆರಳು ಚುಚ್ಚಿ ಹಸಿರಿನ ಮೇಲೊಂದು ಕಪ್ಪು ಚುಕ್ಕೆ ಬಿತ್ತು.

"ಈ ಸಾಲು ಡೊಂಕ ಆತ್ರಿ" ಎನ್ನುವಳು ರಾಜಬಿ. ಕಣ್ಣು ಸಾಲದಿದ್ದರೂ ಅವಳ ಬೆರಳಿಗೆ ಎಲ್ಲ ತಿಳಿಯುತ್ತಿತ್ತು. "ಬಿಚ್ಚ್ರಿ."

"ಇರ್ಲಿ ಬಿಡು, ಯಾರ ನೋಡ್ತಾರ?"

"ಹೊದಕೊಂಡಾಕಿ ಮೈಗೆ ಗೊತ್ತಾಗತೈತ್ರಿ. ಬಿಚ್ಚ್ರಿ."

ಕೊನೆಯ ದಿನ ಒಂದು ಗೇಣು ಉಳಿದಿದ್ದಾಗ ರಾಜಬಿ ಕೇಳಿದಳು. "ಒಳಗ ಏನೈತಂತ ಆಕಿಗೆ ಹೇಳ್ತೀರೇನ್ರಿ?"

"ಯಾಕ ಹೇಳ್ಲಿ? ಆಕಿ ಎಂದೋ ಮರತಿರ್ತಾಳ."

"ಮರತಾಳಂತ ನಿಮಗ ಯಾರ ಹೇಳಿದ್ರು?"

ದಾಕ್ಷಾಯಿಣಿ ದಾರ ಎಳೆದು ಗಂಟು ಹಾಕಿದಳು.

"ಹೇಳದಿದ್ರ ಇದು ಬರೇ ದಪ್ಪನ್ನ ಕೌದಿರಿ ಅಕ್ಕಾರ" ಎಂದಳು ರಾಜಬಿ.

ಹೆಸರಿಡುವ ದಿನ ನವನಗರದ ಮನೆ ತುಂಬಿತ್ತು. ಶಿವಲೀಲಾ ಬೆನ್ನಿಗೆ ಪಟ್ಟಿ ಕಟ್ಟಿಕೊಂಡೇ ಓಡಾಡುತ್ತಿದ್ದವಳು ಬಾಗಿಲ ತನಕ ಬಂದು "ಬರ್ರಿ ಅಕ್ಕಾರ, ನೀವು ಬರದ ತೊಟ್ಟಲಾ ಹೆಂಗ ಕಟ್ಟೂದು?" ಎಂದು ಕೈ ಹಿಡಿದು ಒಳಗೆ ಕರೆದಳು. ನೀಲಾ ಮಂಚದ ಮೇಲೆ ಕಿವಿಗೆ ಸ್ಕಾರ್ಫ್ ಕಟ್ಟಿಕೊಂಡು ಕೂತಿದ್ದಳು. ಸೊರಗಿದ್ದಳು. "ಬರ್ರಿ ಅತ್ತಿ" ಎಂದು ಸರಿದು ಜಾಗ ಮಾಡಿಕೊಟ್ಟಳು. ಕೂಸಿಗೆ ಸಾನ್ವಿ ಎಂದು ಹೆಸರಿಟ್ಟರು. ನೀಲಾಳ ಗಂಡನ ತಂಗಿ ಕಿವಿಯಲ್ಲಿ ಹೆಸರು ಉಸುರುವಾಗ ದಾಕ್ಷಾಯಿಣಿ ಹಿಂದಿನ ಸಾಲಿನಲ್ಲಿ ನಿಂತು ಕುತ್ತಿಗೆ ಚಾಚಿ ನೋಡಿದಳು.

ಉಡುಗೊರೆ ಕೊಡುವ ಹೊತ್ತಿಗೆ ಮಂಚದ ಮೇಲೆ ಕುಲಾಯಿ, ಕುಂಚಿಗೆ, ಕರಡಿಯ ಚಿತ್ರವಿದ್ದ ಗುಲಾಬಿ ಬಣ್ಣದ ಮೆತ್ತನೆ ಹೊದಿಕೆಗಳ ರಾಶಿಯೇ ಬಿದ್ದಿತ್ತು. ದಾಕ್ಷಾಯಿಣಿ ಕೌದಿಯನ್ನು ಆ ರಾಶಿಯ ಪಕ್ಕಕ್ಕೆ ಇಟ್ಟಳು. ಬಳಗದ ಹೆಂಗಸೊಬ್ಬಳು ಎತ್ತಿ ನೋಡಿ, "ಅಬ್ಬಾ, ಏನ ವಜ್ಜಿ ಐತ್ರಿ ಇದು! ಇದರಾಗ ಕೂಸು ಹುಡುಕಿದ್ರೂ ಸಿಗಂಗಿಲ್ಲ" ಎಂದಳು. ಎಲ್ಲರೂ ನಕ್ಕರು. ನೀಲಾಳೂ ನಕ್ಕಳು.

"ಡಾಕ್ಟರು ಈಗ ಕೂಸಿನ ಮ್ಯಾಲೆ ವಜ್ಜಾದ್ದು ಏನೂ ಹಾಕಬ್ಯಾಡ ಅಂದಾರ್ರಿ ಅತ್ತಿ. ದೊಡ್ಡಾಕಿ ಆದಮ್ಯಾಲೆ ಹೊದಸ್ತೇನಿ. ಛಲೋ ಹೊಲದೀರಿ."

"ಹೌದವ್ವಾ, ಆಮ್ಯಾಲೆ ಹೊದಸು" ಎಂದಳು ದಾಕ್ಷಾಯಿಣಿ. ಒಳಗೇನಿದೆ ಎಂದು ಹೇಳಲಿಲ್ಲ. ಊಟ ಮಾಡಿ, ಎಲೆ ಅಡಿಕೆ ತೆಗೆದುಕೊಂಡು, ಎಲ್ಲರಂತೆ ಅವಳೂ ಬಂದುಬಿಟ್ಟಳು.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ಫೋನಿನಲ್ಲಿ ನೀಲಾಳ ಹೆಸರು ಮೂಡಿತು. ಅವಳಾಗಿ ಎಂದೂ ಫೋನು ಮಾಡಿದವಳಲ್ಲ. ಕೂಸಿಗೆ ಏನಾಯಿತೋ ಎಂದು ದಾಕ್ಷಾಯಿಣಿ ಗಡಬಡಿಸಿ ಎತ್ತಿದಳು.

"ಅತ್ತಿ, ಆ ಕೌದಿ ಒಳಗ ಏನ ಹಾಕೀರಿ?"

"ಯಾಕವ್ವಾ?"

"ಕೂಸಿನ್ನ ಅದರ ಮ್ಯಾಲೆ ಮಲಗಿಸಿದ್ದೆ. ಒದ್ದಿ ಮಾಡ್ತು. ಆ ಜಾಗಾ ನೀರ ಹಾಕಿ ತೊಳದು ನೋಡ್ತೇನಿ... ಆ ಹಳೇ ವಾಸನಿ ಬಂತ್ರಿ ಅತ್ತಿ."

ಉಣ್ಣೆ ನೆನೆದರೆ ತನ್ನ ವಾಸನೆ ಬಿಟ್ಟುಕೊಡುತ್ತದೆ ಎಂಬುದು ದಾಕ್ಷಾಯಿಣಿಗೆ ಮರೆತೇ ಹೋಗಿತ್ತು. ಒಣಗಿದ್ದನ್ನಷ್ಟೇ ಮೂಸಿ ನೋಡಿ ಎಲ್ಲ ಹೋಯಿತೆಂದು ಕೂತಿದ್ದಳು. ಆದರೆ ಆ ಎಂಟು ವರ್ಷದಲ್ಲಿ ಈ ಹುಡುಗಿ ಎಷ್ಟು ಸಲ ಆ ರಗ್ಗನ್ನು ಒದ್ದೆ ಮಾಡಿರಲಿಲ್ಲ!

"ಅದು ನಮ್ಮ ರಗ್ಗ ಅಲ್ಲೇನ್ರಿ?" ಎಂದಳು ನೀಲಾ.

"ಹೌದು."

"ನಾಳಿಗೆ ಬರ್ರಿ" ಎಂದು ಫೋನು ಇಟ್ಟಳು.

ಮರುದಿನ ನೀಲಾ ಕೂಸನ್ನು ಮಲಗಿಸಿ, ಕೌದಿಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ದಾಕ್ಷಾಯಿಣಿ ಎದುರಿನ ಕುರ್ಚಿಯ ತುದಿಯಲ್ಲಿ ಕೂತಳು.

"ಇದನ್ನ ಯಾರೋ ಎಸದ್ರು ಅಂತ ನಾ ತಿಳಕೊಂಡಿದ್ದೆ. ನೀವು ಇಟಗೊಂಡಿದ್ರಿ?"

"ಇಟಗೊಂಡಿದ್ದೆ."

"ಸೂಟಿ ಯಾವಾಗ ಮುಗೀತೈತಿ ಅಂತ ಅಪ್ಪಾಗ ದಿನಾ ಕೇಳ್ತಿದ್ದೆ. ಸಾಲಿ ಸುರು ಆದ್ರೂ ಕೇಳ್ತಿದ್ದೆ. ಕಡೀಕ ಅವ್ವ ಹೇಳಿದ್ಲು, ಸೂಟಿ ಅಲ್ಲ ಇದು, ಇದ ನಿನ್ನ ಮನಿ ಅಂತ. ಅವತ್ತಿನಿಂದ ನಿಮ್ಮ ಮ್ಯಾಲೆ ಸಿಟ್ಟ ಬಂತು. ಭಾಳ ವರ್ಷ ಇತ್ತು ಆ ಸಿಟ್ಟು. ಆಮ್ಯಾಲೆ ಸಿಟ್ಟೂ ಹೋತು, ಮಾತಾಡದ ಇರೂ ರೂಢಿ ಅಷ್ಟ ಉಳೀತು."

ತಮ್ಮ ಬರಬೇಡ ಎಂದದ್ದನ್ನು ಹೇಳಿಬಿಡಬಹುದಿತ್ತು. ಇಪ್ಪತ್ತು ವರ್ಷ ದಾಕ್ಷಾಯಿಣಿ ತನಗೆ ತಾನೇ ಹೇಳಿಕೊಂಡು ಬಂದದ್ದೂ ಅದನ್ನೇ. ಈಗ ಆ ಮಾತು ಅವಳಿಗೆ ಸಾಲದೆನ್ನಿಸಿತು.

"ಬರಬ್ಯಾಡ ಅಂದಿದ್ರು, ಅದು ಖರೇ. ಆದ್ರೂ ಬರಬಹುದಿತ್ತು ನಾನು. ನೀ ಅತ್ತಿದ್ರ ಅಳಲಿ ಅಂತ ಬರಬಹುದಿತ್ತು. ನನಗ ಧೈರ್ಯ ಆಗಲಿಲ್ಲ ನೀಲಾ. ನಿನಗ ಸುಳ್ಳ ಹೇಳಿ ಕಳಿಸಿದ್ನಲ್ಲಾ, ಯಾವ ಮುಖಾ ಇಟಗೊಂಡು ಬರ್ಲಿ ಅಂತ ಮನ್ಯಾಗ ಕುಂತೆ."

ನೀಲಾ ತಲೆ ಬಗ್ಗಿಸಿ ಹೊಲಿಗೆಯ ಸಾಲುಗಳ ಮೇಲೆ ಕೈಯಾಡಿಸುತ್ತಿದ್ದಳು. ಎದ್ದು ಬಂದು ಅಪ್ಪಿಕೊಳ್ಳಲಿಲ್ಲ. ದಾಕ್ಷಾಯಿಣಿಯೂ ಹಾಗೆ ಎಣಿಸಿರಲಿಲ್ಲ, ಎಣಿಸಿರಲಿಲ್ಲ ಎಂದುಕೊಂಡಳು. ಒಳಗೆ ಕೂಸು ಎದ್ದು ಅತ್ತಾಗ ನೀಲಾ ಕಣ್ಣೊರೆಸಿಕೊಂಡು, "ಎರಿಯಾಕ ಬರಾಕಿ ಮಗಳ ಬಾಣಂತನಕ್ಕಂತ ಊರಿಗೆ ಹೋಗ್ಯಾಳ. ನನಗ ಕೂಸಿಗೆ ನೀರ ಹಾಕಾಕ ಅಂಜಿಕಿ. ದಿನಾ ಬಿಟ್ಟು ದಿನಾ ಬರಾಕ ಆಗತೈತೇನ್ರಿ ನಿಮಗ?" ಎಂದಳು.

ದಾಕ್ಷಾಯಿಣಿ ಹೋಗತೊಡಗಿದಳು. ಬೆಳಿಗ್ಗೆ ಎಂಟಕ್ಕೆಲ್ಲ ನವನಗರದಲ್ಲಿರುವಳು. ಸೀರೆ ಮೇಲೆತ್ತಿ ಕಟ್ಟಿ ಮಣೆಯ ಮೇಲೆ ಕೂತು, ಕಾಲು ನೀಡಿ, ಸಾನ್ವಿಯನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರೆರೆಯುವಳು. ಮರೆತೆನೆಂದುಕೊಂಡಿದ್ದ ಕೈಗೆ ಎಲ್ಲ ನೆನಪಿತ್ತು. ಕೌದಿಯನ್ನು ನೀಲಾ ತನ್ನ ಹಾಸಿಗೆಗೇ ಹಾಕಿಕೊಂಡಿದ್ದಳು. ಅದರ ಬಗ್ಗೆ ಮತ್ತೆ ಮಾತು ಬರಲಿಲ್ಲ. ಈಗ ಮಾತುಗಳು ಕೂಸಿನ ಹಾಲು, ಕೂಸಿನ ನೆಗಡಿ, ಲಸಿಕೆ, ಬ್ಯಾಂಕಿಗೆ ತಿರುಗಿ ಹೋಗುವ ತಾರೀಖು ಇಂಥವು. "ಅತ್ತಿ", "ಬರ್ರಿ", "ಕೂಡ್ರಿ" ಎಲ್ಲ ಹಾಗೇ ಇದ್ದವು. ಹಳೆಯ ಹೆಸರು ಒಮ್ಮೆಯಾದರೂ ಬಂದೀತೇ ಎಂದು ದಾಕ್ಷಾಯಿಣಿಯ ಕಿವಿ ಪ್ರತಿ ಸಲ ಕಾಯುತ್ತಿತ್ತು. ಕಾಯುತ್ತಿದ್ದೇನೆ ಎಂದು ಅರಿವಾದಾಗ ಅವಳಿಗೆ ನಾಚಿಕೆಯೂ ಆಗುವುದು, ಅರವತ್ತೊಂದರ ವಯಸ್ಸಿಗೆ ಇದೇನಿದು ಎಂದು. ಆದರೂ ಕಿವಿ ಕೇಳಬೇಕಲ್ಲ.

ಮಾರ್ಚ್ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ, ಅವಳು ಕೂಸಿಗೆ ಎರೆಯುತ್ತಿದ್ದಾಗ ನೀಲಾ ಬಚ್ಚಲ ಬಾಗಿಲಿಗೆ ಬಂದು ನಿಂತಳು. ಸುಮ್ಮನೆ ನೋಡುತ್ತ ನಿಂತವಳು ಇದ್ದಕ್ಕಿದ್ದಂತೆ ಕೇಳಿದಳು.

"ಅವತ್ತ ಹುಬ್ಬಳ್ಳಿಗೆ ಹೋಗುವಾಗ ನಾ ಭಾಳ ಅತ್ತಿದ್ನೇನ್ರಿ? ನನಗ ನೆನಪ ಇಲ್ಲ."

ದಾಕ್ಷಾಯಿಣಿಯ ಕೈಯಲ್ಲಿದ್ದ ತಂಬಿಗೆ ನಿಂತಿತು. ಇನ್ನೊಂದು ಸುಳ್ಳು ಹೇಳುವುದು ಸುಲಭವಿತ್ತು. ನೀ ಭಾಳ ಅತ್ತಿ, ನನ್ನ ಸೆರಗು ಬಿಡಲಿಲ್ಲ ಎಂದಿದ್ದರೆ ಇಬ್ಬರಿಗೂ ಹಿತವಾಗಿರುತ್ತಿತ್ತು.

"ಇಲ್ಲವ್ವಾ. ನಕ್ಕೋತ ಹೋದಿ. ಸೂಟಿಗೆ ಹೊಂಟೇನಂತ ಓಣಿಯಾಗಿನ ಮನಿ ಮನಿಗೆ ಹೋಗಿ ಹೇಳಿ ಬಂದಿದ್ದಿ. ರಿಕ್ಷಾದಾಗ ಕುಂತು, ತಿರುವು ದಾಟೂ ತನಕಾ ಕೈ ಮಾಡಿದಿ. ನಾನೂ ಮಾಡಿದೆ."

ಕಾಲ ಮೇಲಿದ್ದ ಸಾನ್ವಿ ನೀರು ನಿಂತ ಚಳಿಗೆ ಬಾಯಿ ಸೊಟ್ಟ ಮಾಡಿತು. ನೀಲಾ ಟವೆಲನ್ನು ಹೆಗಲಿಗೆ ಹಾಕಿಕೊಂಡು ಬಂದು, ಒದ್ದೆ ನೆಲವನ್ನೂ ನೋಡದೆ ದಾಕ್ಷಾಯಿಣಿಯ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು.

"ಇನ್ನೊಂದ ತಂಬಿಗಿ ಹಾಕ್ರಿ. ಕಿವಿ ಹಿಂದ ಸೋಪ ಉಳದೈತಿ" ಎಂದಳು.

ದಾಕ್ಷಾಯಿಣಿ ಕೂಸಿನ ಹಣೆಗೆ ಅಂಗೈ ಅಡ್ಡ ಹಿಡಿದು, ಕಣ್ಣಿಗೆ ಬೀಳದಂತೆ, ಮೆಲ್ಲಗೆ ನೀರು ಬಿಟ್ಟಳು.